ಬಾಂಬ್ ಕೇಸಿನ ವಕೀಲ, ಕಲ್ಕತ್ತೆಯ ಮೊದಲ ಮೇಯರ್

ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ 2024ರಲ್ಲಿ ನೂರು ವರ್ಷ ತುಂಬಿತು. ಆಗ ನಾವು ಗಾಂಧೀಜಿ ಬಗ್ಗೆ, ಟಿಳಕವಾಡಿ ಬಗ್ಗೆ ತುಂಬಾ ಮಾತಾಡಿದೆವು. ಆ ಅಧಿವೇಶನ ಒಪ್ಪಿಕೊಂಡ ಒಂದು ದೊಡ್ಡ ರಾಜಿ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಶಾಸನಸಭೆಗಳ ಬಹಿಷ್ಕಾರವೇ ಸರಿ ಅನ್ನುತ್ತಿದ್ದವರಿಗೂ, ಒಳಗೆ ಹೋಗಿಯೇ ಬ್ರಿಟಿಷರ ಜೊತೆ ಗುದ್ದಾಡಬೇಕು ಅನ್ನುತ್ತಿದ್ದ ಸ್ವರಾಜ್ ಪಕ್ಷಕ್ಕೂ ಆದ ರಾಜಿ ಅದು. ಸಹಿ ಹಾಕಿದವರು ಮೂವರು: ಗಾಂಧೀಜಿ, ಮೋತಿಲಾಲ್ ನೆಹರು, ಚಿತ್ತರಂಜನ ದಾಸ್. ಈ ಮೂರನೆಯವರು ಆಗ ಕಲ್ಕತ್ತೆಯ ಮೇಯರ್ ಆಗಿದ್ದರು.

ದಾಸರಿಗೆ ಜನ ಕೊಟ್ಟ ದೇಶಬಂಧು ಎಂಬ ಹೆಸರಷ್ಟೇ ನಮ್ಮಲ್ಲಿ ಉಳಿದಿದೆ. ಆ ಮನುಷ್ಯ ಮೇಯರ್ ಕುರ್ಚಿಯಲ್ಲಿ ಕೂತು ಏನು ಮಾಡಲು ಹೊರಟಿದ್ದರು ಅನ್ನುವುದು ಇವತ್ತಿಗೂ ಓದಬೇಕಾದ ಕಥೆ.

ದಾಸ್ ಹುಟ್ಟಿದ್ದು 1870ರಲ್ಲಿ. ಇಂಗ್ಲೆಂಡಿನಲ್ಲಿ ಕಾನೂನು ಓದಿ ಬ್ಯಾರಿಸ್ಟರ್ ಆಗಿ ಬಂದರು. ಅಪ್ಪ ಭುವನಮೋಹನ ದಾಸರು ಸಾಲದಲ್ಲಿ ಮುಳುಗಿದ್ದರು. ಕೊನೆಗೆ ಅಪ್ಪ, ಮಗ ಇಬ್ಬರೂ ದಿವಾಳಿ ಅರ್ಜಿ ಹಾಕಬೇಕಾಯಿತು. ದಿವಾಳಿಯಾದ ಬ್ಯಾರಿಸ್ಟರ್ ಹತ್ತಿರ ಕೇಸು ತರುವವರು ಯಾರು?

ಅವರ ಹೆಸರು ಮನೆಮಾತಾಗಿದ್ದು ಅಲೀಪುರ ಬಾಂಬ್ ಮೊಕದ್ದಮೆಯಿಂದ. 1908ರಲ್ಲಿ ಮುಜಫರಪುರದಲ್ಲಿ ಬಾಂಬ್ ಸಿಡಿದು ಇಬ್ಬರು ಇಂಗ್ಲಿಷ್ ಮಹಿಳೆಯರು ಸತ್ತರು. ಅದರ ಬೆನ್ನಿಗೇ ಪೊಲೀಸರು ಅರವಿಂದ ಘೋಷ್, ಅವರ ತಮ್ಮ ಬಾರೀಂದ್ರ ಮತ್ತು ಹಲವು ಯುವಕರನ್ನು ಹಿಡಿದರು. ಸಾಕ್ಷಿಗಳೇ ಇನ್ನೂರಕ್ಕೂ ಜಾಸ್ತಿ. ಅರವಿಂದರ ಪರ ಕೇಸು ನಡೆಸಲು ಹಣ ಇರಲಿಲ್ಲ. ದಾಸ್ ಬೇರೆ ಕೇಸುಗಳನ್ನು ಬದಿಗಿಟ್ಟು ತಿಂಗಳುಗಟ್ಟಲೆ ಇದೊಂದಕ್ಕೇ ನಿಂತರು.

ಅವರ ವಾದದಲ್ಲಿ ಒಂದು ಕಾಗದದ ಕಥೆ ಇದೆ. ಭಾರತದ ತುಂಬ 'ಸಿಹಿತಿಂಡಿ' ಸಿದ್ಧವಾಗಿರಬೇಕು ಎಂದು ಬಾರೀಂದ್ರ ಅಣ್ಣನಿಗೆ ಬರೆದಿದ್ದಾನೆ, ಸಿಹಿತಿಂಡಿ ಅಂದರೆ ಬಾಂಬು ಅಂತ ಸರ್ಕಾರಿ ವಕೀಲ ನಾರ್ಟನ್ ವಾದ. ದಾಸ್ ಆ ಕಾಗದವನ್ನೇ ಹಿಡಿದುಕೊಂಡರು. ಕಾಗದ ಬರೆದ ದಿನ ಅಣ್ಣ, ತಮ್ಮ ಇಬ್ಬರೂ ಸೂರತ್‌ನಲ್ಲೇ ಇದ್ದರು. ಒಂದೇ ಊರಲ್ಲಿದ್ದವನು ಇಂಥ ಗುಟ್ಟನ್ನು ಬರೆದು ಕಳಿಸುತ್ತಾನಾ? ಸ್ವಂತ ಅಣ್ಣನಿಗೆ ಬರೆಯುವಾಗ ಯಾರಾದರೂ ಪೂರ್ತಿ ಹೆಸರು ಬರೆದು ಸಹಿ ಹಾಕುತ್ತಾರಾ? ಬಂಗಾಳಿ ಮನೆಯ ತಮ್ಮ ಮೂರನೇ ಅಣ್ಣನನ್ನು 'ಸೇಜ್‌ದಾ' ಅನ್ನುತ್ತಾನೆ, ಇಂಗ್ಲಿಷಿನಲ್ಲಿ 'ಡಿಯರ್ ಬ್ರದರ್' ಅನ್ನುವುದಿಲ್ಲ. ನ್ಯಾಯಾಧೀಶ ಬೀಚ್‌ಕ್ರಾಫ್ಟ್‌ಗೂ ಆ ಕಾಗದದ ಮೇಲೆ ಅನುಮಾನ ಬಂತು. 1909ರ ಮೇ ತಿಂಗಳಲ್ಲಿ ಅರವಿಂದರು ಬಿಡುಗಡೆಯಾದರು.

ಆಮೇಲೆ ಹಣ ಹರಿದು ಬಂತು. 1913ರಲ್ಲಿ ದಾಸ್ ತಂದೆಯ ಹಳೆಯ ಸಾಲವನ್ನೆಲ್ಲ ತೀರಿಸಿದರು. ಕಾನೂನು ಪ್ರಕಾರ ಅದನ್ನು ಕಟ್ಟಲೇಬೇಕು ಅಂತ ಇರಲಿಲ್ಲ. ನನಗೆ ಈ ಮನುಷ್ಯನ ಮೇಲೆ ನಂಬಿಕೆ ಹುಟ್ಟುವುದು ಇಲ್ಲಿಂದ. ಕೊಟ್ಟ ಮಾತು, ಇದ್ದ ಬಾಕಿ, ಎರಡನ್ನೂ ಅವರು ಸುಮ್ನೆ ಬಿಟ್ಟವರಲ್ಲ.

1920ರ ನಾಗಪುರ ಅಧಿವೇಶನದ ನಂತರ ವಕೀಲಿಯನ್ನೇ ಬಿಟ್ಟರು. ಮರುವರ್ಷ ಜೈಲು. 1922ರ ಕೊನೆಗೆ ಗಯಾ ಕಾಂಗ್ರೆಸ್‌ನ ಅಧ್ಯಕ್ಷತೆ, ಅಲ್ಲಿ ಶಾಸನಸಭೆಯ ಒಳಗೆ ಹೋಗಬೇಕೆಂಬ ಅವರ ವಾದಕ್ಕೆ ಸೋಲು, ಅದರ ಹಿಂದೆಯೇ ಸ್ವರಾಜ್ ಪಕ್ಷ.

ಇಷ್ಟರಲ್ಲಿ ಕಲ್ಕತ್ತೆಯ ಕಾನೂನು ಬದಲಾಗಿತ್ತು. 1899ರಲ್ಲಿ ಬ್ರಿಟಿಷರು ನಗರಸಭೆಯಲ್ಲಿ ಚುನಾಯಿತರ ಸಂಖ್ಯೆಯನ್ನು ಕಡಿಮೆ ಮಾಡಿದ್ದರು. ಅದನ್ನು ವಿರೋಧಿಸಿ ಸುರೇಂದ್ರನಾಥ ಬ್ಯಾನರ್ಜಿ ಮತ್ತು ಇತರ 27 ಸದಸ್ಯರು ರಾಜೀನಾಮೆ ಕೊಟ್ಟು ಹೊರಬಂದಿದ್ದರು. ಅದೇ ಬ್ಯಾನರ್ಜಿ ಮುಂದೆ ಬಂಗಾಳದ ಮಂತ್ರಿಯಾಗಿ 1923ರ ಕಾಯ್ದೆ ತಂದರು. ಹೆಚ್ಚಿನ ಸ್ಥಾನ ಚುನಾಯಿತರಿಗೆ, ಮೇಯರನ್ನು ಆರಿಸುವುದು ಸದಸ್ಯರು, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯನ್ನು ನೇಮಿಸುವುದೂ ಕಾರ್ಪೊರೇಷನ್ನೇ. ಹೆಂಗಸರಿಗೂ ಮತ ಬಂತು. ಆದರೆ ಆ ವರ್ಷದ ಬಂಗಾಳ ಶಾಸನಸಭೆ ಚುನಾವಣೆಯಲ್ಲಿ ಬ್ಯಾನರ್ಜಿಯೇ ಸೋತರು. ಗೆದ್ದವರು ಸ್ವರಾಜಿಗಳ ಬೆಂಬಲ ಇದ್ದ ಡಾಕ್ಟರ್ ಬಿಧಾನ್ ಚಂದ್ರ ರಾಯ್. ಬ್ಯಾನರ್ಜಿ ಕಷ್ಟಪಟ್ಟು ತೆರೆದ ಬಾಗಿಲಿನಿಂದ ಒಳಗೆ ನಡೆದವರು ದಾಸ್.

1924ರ ಏಪ್ರಿಲ್‌ನಲ್ಲಿ ಅವರು ಮೇಯರ್ ಆದರು. ಬಡವರಿಗಾಗಿ ಕೆಲಸ ಎಂದು ಹೇಳಿ ಪಟ್ಟಿ ಮುಂದಿಟ್ಟರು. ಮಕ್ಕಳಿಗೆ ಬಿಟ್ಟಿ ಪ್ರಾಥಮಿಕ ಶಾಲೆ, ಬಡವರಿಗೆ ಉಚಿತ ವೈದ್ಯ, ಕಲಬೆರಕೆ ಇಲ್ಲದ ಹಾಲು ಮತ್ತು ಆಹಾರ ಅಗ್ಗದ ಬೆಲೆಗೆ, ಒಳ್ಳೆ ನೀರು, ಚರಂಡಿ, 'ಬಸ್ತಿ' ಎಂದು ಕರೆಯುವ ಗುಡಿಸಲು ಕೇರಿಗಳ ಸುಧಾರಣೆ. ಸ್ವರಾಜ್ಯ ಅಂದರೆ ಭಾಷಣದಲ್ಲಿ ಬರುವ ಮಾತು ಮಾತ್ರ ಅಲ್ವಲ್ಲ. ಅದು ನಲ್ಲಿಯಲ್ಲಿ, ಶಾಲೆಯಲ್ಲಿ ಕಾಣಬೇಕು ಅನ್ನುವುದು ಅವರ ಲೆಕ್ಕ.

ಮುಖ್ಯ ಅಧಿಕಾರಿಯ ಜಾಗಕ್ಕೆ ಅವರು ತಂದದ್ದು ಐಸಿಎಸ್ ಬಿಟ್ಟು ಬಂದಿದ್ದ 27 ವರ್ಷದ ಸುಭಾಷ್ ಚಂದ್ರ ಬೋಸರನ್ನು. ಸಂಬಳ 3,000 ರೂಪಾಯಿ. ಬೋಸ್ ಅರ್ಧ ಸಾಕು ಅಂದರು. ಆದರೆ ಅಕ್ಟೋಬರ್‌ನಲ್ಲೇ ಸರ್ಕಾರ ಅವರನ್ನು ವಿಚಾರಣೆಯಿಲ್ಲದೆ ಬಂಧಿಸಿತು. ಕೆಲಕಾಲ ಕಾರ್ಪೊರೇಷನ್ನಿನ ಫೈಲುಗಳು ಅಲೀಪುರ ಜೈಲಿಗೇ ಹೋಗಿ ಬರುತ್ತಿದ್ದವು. ಆಮೇಲೆ ಅವರನ್ನು ಬರ್ಮಾದ ಮಂಡಾಲೆ ಜೈಲಿಗೆ ಸಾಗಿಸಿದರು. ಸಭೆಯಲ್ಲಿ ದಾಸ್ ಎದ್ದು ನಿಂತು, ದೇಶವನ್ನು ಪ್ರೀತಿಸುವುದು ಅಪರಾಧವಾದರೆ ಈ ಮೇಯರ್ ಕೂಡ ಅಪರಾಧಿಯೇ ಎಂದರು.

ನನ್ನ ಪ್ರಕಾರ ದಾಸ್ ಕೈ ಹಾಕಿದ ಅತಿ ದೊಡ್ಡ ಕೆಲಸ ಇದ್ಯಾವುದೂ ಅಲ್ಲ. ಅದು ನೌಕರಿಯ ಹಂಚಿಕೆ. ಬಂಗಾಳದ ಜನಸಂಖ್ಯೆಯಲ್ಲಿ ಅರ್ಧಕ್ಕೂ ಹೆಚ್ಚು ಮುಸ್ಲಿಮರು. ಕಚೇರಿಗಳಲ್ಲಿ ಅವರು ಕಾಣುತ್ತಿದ್ದುದು ಅಲ್ಲೊಬ್ಬ ಇಲ್ಲೊಬ್ಬ. ಸ್ವರಾಜ್ಯ ಬಂದಾಗ ಸರ್ಕಾರಿ ಕೆಲಸದಲ್ಲಿ ಅವರಿಗೆ ಶೇ. 55 ಪಾಲು ಎಂದು 1923ರ ಬಂಗಾಳ ಒಪ್ಪಂದದಲ್ಲಿ ದಾಸ್ ಮಾತು ಕೊಟ್ಟರು. ಕಾಕಿನಾಡ ಕಾಂಗ್ರೆಸ್ ಅದನ್ನು ತಳ್ಳಿಹಾಕಿತು. ಹಿಂದೂ ಪತ್ರಿಕೆಗಳು ಬೈದವು. ದಾಸ್ ಜಗ್ಗಲಿಲ್ಲ. 1924ರಲ್ಲಿ ಸಿರಾಜ್‌ಗಂಜ್‌ನಲ್ಲಿ ನಡೆದ ಬಂಗಾಳ ಕಾಂಗ್ರೆಸ್‌ನ ಪ್ರಾಂತ ಸಮ್ಮೇಳನದಲ್ಲಿ ಒಪ್ಪಿಗೆ ಪಡೆದರು. ಕಾರ್ಪೊರೇಷನ್ನಿನಲ್ಲಿ ಸ್ವರಾಜ್ಯ ಬರುವವರೆಗೂ ಕಾಯಬೇಕಾಗಿರಲಿಲ್ಲ, ನೇಮಕಾತಿ ಅವರ ಕೈಯಲ್ಲೇ ಇತ್ತು. ಮುಸ್ಲಿಂ ಅಭ್ಯರ್ಥಿಗಳಿಗೆ ಕೆಲಸ ಸಿಗತೊಡಗಿತು. ಉಪಮೇಯರ್ ಆಗಿ ಹುಸೇನ್ ಶಹೀದ್ ಸುಹ್ರವರ್ದಿ ಬಂದರು. ಅವರೂ ವಕೀಲರೇ. ಬಲವಿದ್ದವರು ಮೊದಲು ಬಿಟ್ಟುಕೊಡದೆ ಒಗ್ಗಟ್ಟು ಹುಟ್ಟುವುದಿಲ್ಲ ಎಂಬುದನ್ನು ದಾಸ್‌ರಷ್ಟು ನೇರವಾಗಿ ಮಾಡಿ ತೋರಿಸಿದ ನಾಯಕರು ಆ ಕಾಲದಲ್ಲಿ ಕಡಿಮೆ.

1925ರ ಜೂನ್ 16ರಂದು ಡಾರ್ಜಿಲಿಂಗ್‌ನಲ್ಲಿ ದಾಸ್ ತೀರಿಕೊಂಡರು. ವಯಸ್ಸು 54. ಕಲ್ಕತ್ತೆಯ ಮನೆಯನ್ನು ಮೊದಲೇ ದಾನ ಮಾಡಿದ್ದರು. ಅಲ್ಲಿ ಹೆಂಗಸರಿಗಾಗಿ ಚಿತ್ತರಂಜನ ಸೇವಾ ಸದನ ಆಸ್ಪತ್ರೆ ಶುರುವಾಯಿತು. ಮೇಯರ್ ಸ್ಥಾನಕ್ಕೆ ಇನ್ನೊಬ್ಬ ಬ್ಯಾರಿಸ್ಟರ್ ಜೆ.ಎಂ. ಸೇನ್‌ಗುಪ್ತ ಬಂದರು.

ಒಪ್ಪಂದಕ್ಕೆ ಮಾತ್ರ ವಾರಸುದಾರರು ಸಿಗಲಿಲ್ಲ. 1926ರಲ್ಲಿ ಕಲ್ಕತ್ತೆಯಲ್ಲಿ ಹಿಂದೂ-ಮುಸ್ಲಿಂ ಗಲಭೆಯಾಯಿತು. ಅದೇ ವರ್ಷ ಕೃಷ್ಣನಗರದ ಪ್ರಾಂತ ಸಮ್ಮೇಳನ ಒಪ್ಪಂದವನ್ನು ಕೈಬಿಟ್ಟಿತು. ಬೋಸ್ ಇನ್ನೂ ಮಂಡಾಲೆ ಜೈಲಿನಲ್ಲಿದ್ದರು. ಬಂಗಾಳದ ಮುಸ್ಲಿಮರು ಕಾಂಗ್ರೆಸ್‌ನಿಂದ ದೂರವಾಗಿದ್ದು ಇಲ್ಲಿಂದಲೇ, ದೇಶ ವಿಭಜನೆಯ ಮೊದಲ ಬೀಜ ಬಿದ್ದಿದ್ದೂ ಇಲ್ಲೇ ಎಂದು ಮೌಲಾನಾ ಆಜಾದ್ ಮುಂದೆ ಬರೆದರು. ಸ್ವರಾಜ್ ಪಕ್ಷ ಬಿಟ್ಟ ಸುಹ್ರವರ್ದಿ 1946ರಲ್ಲಿ ಮುಸ್ಲಿಂ ಲೀಗ್‌ನಿಂದ ಬಂಗಾಳದ ಪ್ರಧಾನಿಯಾದರು (ಪ್ರಾಂತ ಸರ್ಕಾರದ ಮುಖ್ಯಸ್ಥರನ್ನು ಆಗ ಹಾಗೆ ಕರೆಯುತ್ತಿದ್ದರು).