ಆಗಸ್ಟ್‌ನ ನಂಬರ್ ಒನ್, ಜನವರಿಯ ಜಗಳ

ವರ್ಷಕ್ಕೊಂದು ಸಲ ನಂಗೆ ಈ ಫೋನ್ ಬಂದೇ ಬರತ್ತೆ. ಜನವರಿ ಮೂರನೇ ವಾರ, ಅಮೆರಿಕದ ಕಾಲೇಜ್ ಫುಟ್‌ಬಾಲ್ (ನಮ್ಮ ಒದೆಯೋ ಫುಟ್‌ಬಾಲ್ ಅಲ್ಲ, ಚೆಂಡು ಕೈಲಿ ಹಿಡ್ಕೊಂಡು ಓಡೋದು) ಫೈನಲ್ ಮುಗಿದಿರತ್ತೆ, ನಮ್ಮ ಕನ್ನಡ ಕೂಟದ ಯಾರಾದ್ರೂ ಒಬ್ರು ಫೋನ್ ಮಾಡಿ, "ಏನ್ ಸಾರ್, ನಿಮ್ ರ‍್ಯಾಂಕಿಂಗ್ ಎಲ್ಲಾ ಬರೀ ಓಳು, ಆಗಸ್ಟ್‌ನಲ್ಲಿ ಹೇಳಿದ್ದೇ ಒಂದು, ಈಗ ಆಗಿದ್ದೇ ಇನ್ನೊಂದು" ಅಂತಾರೆ. ಮೊದಲನೇದಾಗಿ ಅದು ನನ್ನ ರ‍್ಯಾಂಕಿಂಗ್ ಅಲ್ಲ ಮಾರಾಯ್ರೆ. ನಾನು ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಕೂತ್ಕೊಂಡು ಇನ್ಶುರೆನ್ಸ್‌ನೋರಿಗೆ ರಿಸ್ಕ್ ಲೆಕ್ಕ ಹಾಕ್ಕೊಡೋ ಸ್ಟಾಟಿಸ್ಟಿಷಿಯನ್ನು, ಫುಟ್‌ಬಾಲ್ ಮಾಡೆಲ್ ಅನ್ನೋದು ನಂಗೆ ರಾತ್ರಿ ಊಟ ಆದ್ಮೇಲಿನ ಚಟ. ಆದ್ರೆ ಲಕ್ಷಕ್ಕಿಂತ ಜಾಸ್ತಿ ಜನ ಕೂರೋ ಸ್ಟೇಡಿಯಂ ಇರೋ ಊರಲ್ಲಿ ಇದ್ಕೊಂಡು "ನಂಗೂ ಅಂಕಿಸಂಖ್ಯೆಗೂ ಸಂಬಂಧ ಇದೆ" ಅಂತ ಒಂದ್ಸಲ ಬಾಯಿಬಿಟ್ರೆ ಮುಗೀತು, ಆಮೇಲೆ ಎಲ್ಲಾ ರ‍್ಯಾಂಕಿಂಗೂ ನಿಮ್ಮ ತಲೆಗೇ ಬರತ್ತೆ.

ಆಟ ಹೆಂಗೆ, ಪೋಲ್ ಅಂದ್ರೇನು, ಇದನ್ನೆಲ್ಲ ಇಲ್ಲಿ ಬಿಡಿಸಿ ಹೇಳಲ್ಲ. ಎಪಿ ಪೋಲ್ ಬಗ್ಗೆ ಮಾತಾಡ್ತಿದೀನಿ, ಅಂದ್ರೆ ಅಸೋಸಿಯೇಟೆಡ್ ಪ್ರೆಸ್ ಅನ್ನೋ ಸುದ್ದಿಸಂಸ್ಥೆಗಾಗಿ ಅರವತ್ತು ಚಿಲ್ರೆ ಪತ್ರಕರ್ತರು ಸೇರಿ 25 ಟೀಮ್ ಸಾಲಾಗಿ ನಿಲ್ಲಿಸೋದು. ಸೀಸನ್ ಉದ್ದಕ್ಕೂ ಈ ಲಿಸ್ಟ್ ಬರ್ತಾನೇ ಇರತ್ತೆ, ಜಗಳ ಇರೋದು ಆಗಸ್ಟ್‌ನ ಮೊದಲನೇದರ ಬಗ್ಗೆ, ಒಂದೇ ಒಂದು ಮ್ಯಾಚ್ ಕೂಡ ಆಡೋಕ್ಕಿಂತ ಮುಂಚೆ ಬರೋ ಲಿಸ್ಟು. 1950ರಿಂದ ಈ ಪ್ರೀಸೀಸನ್ ಲಿಸ್ಟ್ ಬರ್ತಿದೆ.

ಜನಕ್ಕೆ ತಲೆಗೆ ಹೋಗದೇ ಇರೋದು ಒಂದೇ ವಿಷ್ಯ, ಅದನ್ನ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ಆದ್ರೂ ಇನ್ನೊಂದ್ಸಲ ಹೇಳ್ತೀನಿ. ನಂಬರ್ ಒನ್ ಅಂದ್ರೆ "ಇವರು ಗೆಲ್ತಾರೆ" ಅಂತ ಅಲ್ಲ. "ಬೇರೆ ಯಾವುದೇ ಒಂದು ಟೀಮಿಗಿಂತ ಇವರು ಗೆಲ್ಲೋ ಚಾನ್ಸ್ ಜಾಸ್ತಿ" ಅಂತ ಅಷ್ಟೇ. ಎರಡೂ ಒಂದೇ ತರ ಕೇಳ್ಸತ್ತೆ, ಆದ್ರೆ ಒಂದೇ ಅಲ್ಲ.

ಎಲೆಕ್ಷನ್ ತಗೊಳಿ. ಒಂದು ವಾರ್ಡಿಗೆ ಒಂಬತ್ತು ಜನ ನಿಂತಿದಾರೆ, ಜಾತಿಗೊಬ್ಬ, ಬೀದಿಗೊಬ್ಬ, ಬಂಡಾಯ ಇಬ್ರು. ಒಬ್ಬ ನೂರಕ್ಕೆ 22 ವೋಟ್ ತಗೊಂಡು ಗೆದ್ದ, ಹಾರ ಹಾಕಿಸ್ಕೊಂಡು ಮೆರವಣಿಗೆನೂ ಆಯ್ತು. ಅವನೇ ನಂಬರ್ ಒನ್, ಅದ್ರಲ್ಲಿ ಸುಳ್ಳೇನಿಲ್ಲ. ಆದ್ರೆ ಅದೇ ವಾರ್ಡಲ್ಲಿ ನೂರರಲ್ಲಿ 78 ಜನ ಅವನಿಗೆ ವೋಟ್ ಹಾಕಿಲ್ಲ, ಅದೂ ಸತ್ಯ. ಬೀದೀಲಿ ಹೋಗೋ ಯಾರನ್ನೋ ಹಿಡಿದು "ನೀನು ಅವನಿಗೆ ಹಾಕಿದ್ಯಾ" ಅಂತ ಕೇಳಿದ್ರೆ "ಇಲ್ಲ" ಅನ್ನೋ ಉತ್ತರವೇ ಬರೋದು, ಹಂಗಂತ ಅವನು ನಂಬರ್ ಒನ್ ಅಲ್ಲ ಅಂತ ಆಗಲ್ವಲ್ಲ. ಪ್ರೀಸೀಸನ್ ನಂಬರ್ ಒನ್ ಅನ್ನೋದು ಈ ತರದ ನಂಬರ್ ಒನ್ನು. ಇವತ್ತಿನ ದಿನ 130ಕ್ಕಿಂತ ಜಾಸ್ತಿ ಟೀಮ್‌ಗಳಿದಾವೆ, ಅದ್ರಲ್ಲಿ ಗೆಲ್ಲೋ ತಾಕತ್ತಿರೋದು ಹತ್ತೋ ಹನ್ನೆರಡೋ ಅಂತಿಟ್ಕೊಳಿ, ಅದ್ರಲ್ಲಿ ಎಲ್ಲರಿಗಿಂತ ಮುಂದಿರೋನಿಗೂ ಐದರಲ್ಲೊಂದು ಚಾನ್ಸ್ ಸಿಕ್ರೆ ಅದೇ ದೊಡ್ಡದು. ಅಂದ್ರೆ ಅವನು ಗೆಲ್ಲಲ್ಲ ಅನ್ನೋದೇ ಜಾಸ್ತಿ ಸಂಭವ, ಪೋಲ್ ನೂರಕ್ಕೆ ನೂರು ಸರಿಯಾಗಿ ಮಾಡಿದ್ರೂನೂವೆ!

ಈಗ ಲೆಕ್ಕ ನೋಡಿ. 1950ರಿಂದ 2025ರವರೆಗೆ 76 ಸೀಸನ್. ಅದ್ರಲ್ಲಿ ಆಗಸ್ಟ್‌ನ ನಂಬರ್ ಒನ್ ಟೀಮೇ ಕೊನೇ ಎಪಿ ಪೋಲಲ್ಲೂ ನಂಬರ್ ಒನ್ ಆಗಿದ್ದು 11 ಸಲ. ಒಕ್ಲಹೋಮ ಯೂನಿವರ್ಸಿಟಿ ಟೀಮು ಒಂದೇ ನಾಲ್ಕು ಸಲ, 1956, 1974, 1975, 1985. ಈಚೆಗಂದ್ರೆ 2004ರಲ್ಲಿ ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ), 2017ರಲ್ಲಿ ಅಲಬಾಮ. ಏಳು ವರ್ಷಕ್ಕೆ ಒಂದ್ಸಲ ಅನ್ಕೊಳಿ. ಇದನ್ನ ಹೇಳಿದ ತಕ್ಷಣ ಜನ "ನೋಡಿದ್ರಾ, ನೂರಕ್ಕೆ 85 ಸಲ ತಪ್ಪು" ಅಂತಾರೆ. ಅಯ್ಯೋ, ನೂರಕ್ಕೆ 15 ಸಲ ಸರಿ ಅನ್ನೋದನ್ನ ಯಾವುದರ ಜೊತೆ ಹೋಲಿಸ್ತಿದೀರಾ? ಕಣ್ಣು ಮುಚ್ಕೊಂಡು ಚೀಟಿ ಎತ್ತಿದ್ರೆ ನೂರಕ್ಕೆ ಒಂದೂ ಸರಿಹೋಗಲ್ಲ. ಹೋಗ್ಲಿ, ಎಲ್ಲಾ ಟೀಮ್ ಬೇಡ, ದೊಡ್ಡ ದುಡ್ಡು ದೊಡ್ಡ ಹೆಸರಿರೋ ಹದಿನೈದಿಪ್ಪತ್ತು ಟೀಮಿನ ಚೀಟಿ ಮಾತ್ರ ಹಾಕಿ ಎತ್ತಿದ್ರೂ ಪೋಲೇ ಎರಡು ಮೂರು ಪಟ್ಟು ಮೇಲಿರತ್ತೆ. ಇದು ಒರಟು ಲೆಕ್ಕ, 1950ರಲ್ಲಿದ್ದ ಆಟ ಬೇರೆ ಈಗಿನದ್ದು ಬೇರೆ, ಚಾಂಪಿಯನ್ ಆರಿಸೋ ಪದ್ಧತಿನೂ ನಾಲ್ಕೈದು ಸಲ ಬದಲಾಗಿದೆ, ಹಾಗಾಗಿ 15 ಅನ್ನೋ ನಂಬರ್‌ನ ಫ್ರೇಮ್ ಹಾಕಿಸಿ ಗೋಡೆಗೆ ನೇತಾಕ್ಬೇಡಿ.

ಆಫೀಸಲ್ಲೂ ಇದೇ ಗೋಳು. ಒಂದ್ಸಲ ಒಬ್ಬ ಕ್ಲೈಂಟಿಗೆ, ಅವರ ಐದು ಗೋಡೌನಲ್ಲಿ ಇಂಥದ್ದಕ್ಕೇ ಆಲಿಕಲ್ಲು ಹೊಡೆತ ಬೀಳೋ ಚಾನ್ಸ್ ಎಲ್ಲದಕ್ಕಿಂತ ಜಾಸ್ತಿ ಅಂತ ರಿಪೋರ್ಟ್ ಕೊಟ್ಟಿದ್ದೆ. ಆ ವರ್ಷ ಹೊಡೆತ ಬಿದ್ದಿದ್ದು ಮೂರನೇದಕ್ಕೆ. ಪಾಪ ಒಳ್ಳೇ ಮನುಷ್ಯ, ಬೈಲಿಲ್ಲ, ಆದ್ರೆ ಮೀಟಿಂಗಲ್ಲಿ ನನ್ನ ರಿಪೋರ್ಟ್ ಮೊದಲನೇ ಪುಟ ತೆಗೆದು ಮೇಜಿನ ಮೇಲಿಟ್ಟು ಬೆರಳಲ್ಲಿ ಎರಡು ಸಲ ತಟ್ಟಿದ್ರು ಅಷ್ಟೆ. ಅದೇ ರಿಪೋರ್ಟಲ್ಲಿ ಆ ಮೂರನೇ ಗೋಡೌನಿಗೂ ಕಮ್ಮಿಯೇನಿಲ್ಲ ಅಂತ ಬರೆದಿದ್ದೆ, ಆರನೇ ಪುಟದಲ್ಲಿ. ಆರನೇ ಪುಟ ಯಾರು ಓದ್ತಾರೆ.

ಸರಿ, ಫುಟ್‌ಬಾಲ್‌ಗೆ ಬರೋಣ. ಇನ್ನೊಂದು ದೂರು ಏನಂದ್ರೆ "ಟಾಪ್‌ನಲ್ಲಿಟ್ಟ ಟೀಮೆಲ್ಲ ಕೆಳಗೇ ಇಳೀತಾವೆ" ಅಂತ. ಇನ್ನೆಲ್ಲಿಗೆ ಹೋಗ್ಬೇಕು ಸ್ವಾಮಿ? ಒಂದನೇ ಜಾಗದಲ್ಲಿರೋನಿಗೆ ಮೇಲೆ ಜಾಗಾನೇ ಇಲ್ಲ, ಅವನು ಇದ್ದಲ್ಲೇ ಇರ್ಬೇಕು ಇಲ್ಲಾ ಇಳೀಬೇಕು. ಎಸ್ಸೆಸ್ಸೆಲ್ಸಿಲಿ ಸ್ಟೇಟ್‌ಗೆ ಫಸ್ಟ್ ಬಂದ ಹುಡುಗಿ ಪಿಯುಸಿಲಿ ಆರನೇದು ಬಂದ್ರೆ ನಮ್ಮೂರಲ್ಲಿ "ಅವಳು ಯಾಕೋ ಡಲ್ ಆದ್ಲು" ಅಂತಾರಲ್ಲ, ಅದೇ ಬುದ್ಧಿ ಇದು.

ಹಂಗಂತ ಪೋಲ್ ಎಡವಲ್ಲ ಅಂತ ನಾನು ಹೇಳ್ತಿಲ್ಲ, ಬೆಚ್ಚಿಬೀಳೋ ಹಂಗೆ ಎಡವತ್ತೆ. 2012ರಲ್ಲಿ ಯುಎಸ್‌ಸಿ ನಂಬರ್ ಒನ್ ಆಗಿ ಶುರುಮಾಡಿ 7 ಗೆದ್ದು 6 ಸೋತು 25ರ ಒಳಗೂ ಉಳೀಲಿಲ್ಲ. 2024ರಲ್ಲಿ ಫ್ಲೋರಿಡಾ ಸ್ಟೇಟ್ ಹತ್ತನೇ ಜಾಗದಲ್ಲಿ ಶುರುಮಾಡಿದ್ರು, ಹತ್ತು ಮ್ಯಾಚ್ ಸೋತ್ರು, ಗೆದ್ದಿದ್ದು ಎರಡೇ. ಅದೇ ವರ್ಷ ಅರಿಜೋನ ಸ್ಟೇಟ್ ಟೀಮನ್ನ ಬಿಗ್ 12 ಅನ್ನೋ ಅವರ ಲೀಗಿನ ಪತ್ರಕರ್ತರೇ 16 ಟೀಮಲ್ಲಿ 16ನೇ ಜಾಗಕ್ಕೆ ಹಾಕಿದ್ರು, ಅವರು ಲೀಗ್ ಗೆದ್ದು ಪ್ಲೇಆಫ್‌ಗೆ, ಅಂದ್ರೆ ಚಾಂಪಿಯನ್ ಆರಿಸೋ ಕೊನೇ ನಾಕೌಟ್‌ಗೆ ಹೋಗಿ ಎಪಿ ಪೋಲಲ್ಲಿ 7ನೇ ಜಾಗದಲ್ಲಿ ಮುಗಿಸಿದ್ರು. 2022ರ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ), ಆಗಸ್ಟ್‌ನಲ್ಲಿ 25ರಲ್ಲೇ ಇರ್ಲಿಲ್ಲ, ಫೈನಲ್‌ವರೆಗೂ ಬಂದ್ರು. ಅಲ್ಲಿ ಜಾರ್ಜಿಯಾ ಕೈಲಿ 65-7 ತಿಂದ್ರು ಅದು ಬೇರೆ ಮಾತು, ನಾನು ಆ ಮ್ಯಾಚ್ ಅರ್ಧಕ್ಕೇ ಆಫ್ ಮಾಡಿ ಮಲಗಿದೆ.

ಆದ್ರೆ ಅದೇ 2024ರ ಲಿಸ್ಟನ್ನೇ ಇನ್ನೊಂದ್ಸಲ ನೋಡಿ, ಯಾರೂ ಹೇಳದೇ ಇರೋ ಭಾಗ. ಕೊನೇಲಿ ಮೊದಲ ಆರು ಜಾಗ: ಓಹಾಯೋ ಸ್ಟೇಟ್, ನೋಟರ್ ಡೇಮ್, ಓರೆಗಾನ್, ಟೆಕ್ಸಸ್, ಪೆನ್ ಸ್ಟೇಟ್, ಜಾರ್ಜಿಯಾ. ಆರಕ್ಕೆ ಆರೂ ಆಗಸ್ಟ್‌ನ ಮೊದಲ ಎಂಟರಲ್ಲಿದ್ದವು. ಓರೆಗಾನ್ 3ರಲ್ಲಿ ಶುರುಮಾಡಿ 3ರಲ್ಲಿ ಮುಗಿಸಿದ್ರು, ಟೆಕ್ಸಸ್ 4ರಲ್ಲಿ ಶುರುಮಾಡಿ 4ರಲ್ಲಿ. ಇದನ್ನ ಹೇಳಕ್ಕೆ ನಂಗೆ ಜನವರೀಲಿ ಯಾರೂ ಫೋನ್ ಮಾಡಲ್ಲ, ಫ್ಲೋರಿಡಾ ಸ್ಟೇಟ್ ಬಗ್ಗೆ ಹೇಳಕ್ಕೆ ಮೂರು ಜನ ಮಾಡಿದ್ರು.

ಇನ್ನು ಆ "ಕೊನೇ ರಿಸಲ್ಟ್" ಅಂತೀವಲ್ಲ, ಅದೇನು ಕಲ್ಲಲ್ಲಿ ಕೆತ್ತಿರೋ ಸತ್ಯನಾ? ನಮ್ಮೂರಿನ ಟೀಮು ಓಹಾಯೋ ಸ್ಟೇಟ್‌ದೇ ಕಥೆ ಕೇಳಿ. 2024ರ ನವೆಂಬರ್ 30, ಮಿಷಿಗನ್ ಇಲ್ಲಿಗೇ ಬಂದು, ರ‍್ಯಾಂಕೇ ಇಲ್ಲದ ಟೀಮು, 20 ಪಾಯಿಂಟ್ ಹತ್ರ ಸೋಲ್ತಾರೆ ಅಂತ ಬೆಟ್ಟಿಂಗ್‌ನೋರು ಹೇಳಿದ್ದ ಟೀಮು, 13-10ಕ್ಕೆ ಓಹಾಯೋ ಸ್ಟೇಟ್‌ನ ಸೋಲಿಸ್ತು. ನಮ್ಮ ಮನೇಲಿ ಹದಿನಾಲ್ಕು ಜನ ಸೇರಿದ್ವಿ, ಬಿಸಿಬೇಳೆಬಾತ್ ಪಾತ್ರೆ ಹಂಗೇ ಉಳೀತು, ಒಬ್ರು ಶೂ ಹಾಕ್ಕೊಳ್ಳೋದೂ ಮರೆತು ಕಾರ್‌ವರೆಗೂ ಹೋಗಿದ್ರು. ಕೋಚ್ ರಯಾನ್ ಡೇನ ಮನೆಗೆ ಕಳ್ಸಿ ಅಂತ ಊರಿಗೂರೇ ಕೂಗ್ತಿತ್ತು. ಎರಡು ಸೋಲು, ಲೀಗ್ ಫೈನಲ್‌ಗೂ ಹೋಗ್ಲಿಲ್ಲ, ಪ್ಲೇಆಫ್‌ಗೆ ಟೀಮ್ ಆರಿಸೋ ಕಮಿಟಿಯ ಲಿಸ್ಟಲ್ಲಿ 6ನೇ ಜಾಗ. ಅದರ ಹಿಂದಿನ ವರ್ಷ ಆಗಿದ್ರೆ ಪ್ಲೇಆಫ್‌ಗೆ ನಾಲ್ಕೇ ಟೀಮು, ಕಥೆ ಅಲ್ಲಿಗೇ ಮುಗೀತಿತ್ತು. ಆ ವರ್ಷವೇ ಮೊದಲನೇ ಸಲ 12 ಟೀಮಿನ ಪ್ಲೇಆಫ್ ಬಂದಿದ್ದು, ಹಾಗಾಗಿ ಬಾಗಿಲು ತೆರೆದಿತ್ತು, ಇವರು ಒಳಗೆ ಹೋಗಿ ಟೆನ್ನೆಸ್ಸಿ, ಓರೆಗಾನ್, ಟೆಕ್ಸಸ್, ನೋಟರ್ ಡೇಮ್ ಎಲ್ಲರನ್ನೂ ಸೋಲಿಸಿ ಚಾಂಪಿಯನ್ ಆದ್ರು. ಆಗಸ್ಟ್‌ನಲ್ಲಿ ಇವರನ್ನ 2ನೇ ಜಾಗದಲ್ಲಿಟ್ಟಿದ್ದ ಪೋಲು "ಹೆಚ್ಚುಕಮ್ಮಿ ಸರಿ" ಅಂತ ಅನ್ನಿಸ್ಕೊಂಡಿದ್ದು ಆಟದಿಂದ ಎಷ್ಟೋ, ರೂಲ್ ಬದಲಾಗಿದ್ರಿಂದ್ಲೂ ಅಷ್ಟೇ.

ಸೀಸನ್ನೂ ಚಿಕ್ಕದು. ಲೀಗ್ ಫೈನಲ್, ಪ್ಲೇಆಫ್ ಎಲ್ಲ ಬಿಟ್ರೆ 12 ಮ್ಯಾಚು. ಇಲ್ಲಿನ ಬೇಸ್‌ಬಾಲ್‌ನೋರು 162 ಆಡ್ತಾರೆ, ಅಲ್ಲಿ ಒಂದು ಸೋಲು ಅಂದ್ರೆ ಸೊಳ್ಳೆ ಕಚ್ಚಿದಂಗೆ. ಫುಟ್‌ಬಾಲಲ್ಲಿ ಫೀಲ್ಡ್ ಗೋಲ್‌ಗೆ ಅಂತ ಒದ್ದ ಒಂದು ಚೆಂಡು ಕಂಬಕ್ಕೆ ಹೊಡೆದು ವಾಪಸ್ ಬಂದ್ರೆ 12ನೇ ಜಾಗದಿಂದ ಲಿಸ್ಟಿಂದ್ಲೇ ಹೊರಗೆ. 15ನೇ ಟೀಮಿಗೂ 30ನೇ ಟೀಮಿಗೂ ನಿಜವಾದ ವ್ಯತ್ಯಾಸ ಕೂದಲೆಳೆ, 1ಕ್ಕೂ 6ಕ್ಕೂ ಇರೋದು ಕೆಲವು ವರ್ಷ ಅದಕ್ಕಿಂತ ದೊಡ್ಡದು, ಆದ್ರೆ ಪೇಪರ್ ಮೇಲೆ 15 ಮೆಟ್ಟಿಲು ಇಳಿದಂಗೆ ಕಾಣೋದು ಮೊದಲನೇದು. ರ‍್ಯಾಂಕ್ ಅಂದ್ರೆ ಸಾಲು, ತಕ್ಕಡಿ ಅಲ್ಲ.

ನನ್ನ ಕಸುಬಿನೋರಿಗೆ ನಿಜವಾಗ್ಲೂ ತಲೆನೋವು ಕೊಡೋದು ಇದ್ಯಾವುದೂ ಅಲ್ಲ, ಇನ್ನೊಂದಿದೆ, ಅದನ್ನ ಯಾರೂ ಕೇಳೋದೂ ಇಲ್ಲ. ಆಗಸ್ಟ್‌ನಲ್ಲಿ ಲಿಸ್ಟ್ ಮಾಡೋರೂ ಅವರೇ, ಜನವರೀಲಿ ಮಾಡೋರೂ ಹೆಚ್ಚುಕಮ್ಮಿ ಅವರೇ. ಒಂದ್ಸಲ ಮೇಲೆ ಕೂರಿಸಿದ ಟೀಮನ್ನ ಅದು ಸೋಲೋವರೆಗೂ ಕೆಳಗಿಳ್ಸೋಕೆ ಅವರಿಗೆ ಮನಸ್ಸೇ ಬರಲ್ಲ. 2004 ನೆನಪಿಸ್ಕೊಳಿ. ಯುಎಸ್‌ಸಿ 1, ಒಕ್ಲಹೋಮ 2 ಅಂತ ಶುರುವಾಯ್ತು, ಫೈನಲ್‌ವರೆಗೂ ಇಬ್ರೂ ಸೋಲಲೇ ಇಲ್ಲ, ಫೈನಲ್‌ಗೆ ಹೋದಾಗ್ಲೂ ಅದೇ ಜಾಗ. ಆಬರ್ನ್ 17ರಲ್ಲಿ ಶುರುಮಾಡಿದ್ರು, ಅವರೂ ಒಂದೂ ಸೋಲಲಿಲ್ಲ, ಆದ್ರೆ ಆಗ ಫೈನಲ್‌ಗೆ ಇಬ್ರಿಗೇ ಜಾಗ, ಇವರು ಬೌಲ್ ಅನ್ನೋ ಬೇರೊಂದು ಸೀಸನ್ ಕೊನೇ ಮ್ಯಾಚ್ ಆಡಿ 13 ಗೆಲುವು 0 ಸೋಲು ಅಂತ ಮನೆಗೆ ಹೋದ್ರು. ಫೈನಲಲ್ಲಿ ಯುಎಸ್‌ಸಿ ಒಕ್ಲಹೋಮನ 55-19ಕ್ಕೆ ಚಚ್ಚಿಹಾಕ್ತು. ಆಬರ್ನ್ ಆಗಸ್ಟ್‌ನಲ್ಲಿ 2ರಲ್ಲಿದ್ದಿದ್ರೆ? ಹೇಳೋಕಾಗಲ್ಲ, ಆದ್ರೆ ಆ ವರ್ಷ ಪ್ರೀಸೀಸನ್ ಪೋಲ್ "ಎಷ್ಟು ಕರೆಕ್ಟಾಗಿ ಹೇಳ್ತು" ಅಂತ ಹೊಗಳೋರು ಸ್ವಲ್ಪ ಯೋಚನೆ ಮಾಡ್ಬೇಕು, ಮೇಷ್ಟ್ರೇ ಪ್ರಶ್ನೆಪತ್ರಿಕೆ ಬರೆದು ಅವರೇ ಉತ್ತರ ಬರೆದು ಅವರೇ ಮಾರ್ಕ್ಸ್ ಹಾಕಿದಂಗೆ ಅಲ್ವಾ ಅದು. ಆ ವರ್ಷ ಡಿಸೆಂಬರ್‌ನಲ್ಲೇ ಎಪಿಯೋರೇ, ಫೈನಲ್‌ಗೆ ಹೋಗೋ ಇಬ್ರನ್ನ ಆರಿಸೋ ಲೆಕ್ಕಕ್ಕೆ ಇನ್ಮೇಲೆ ನಮ್ಮ ಪೋಲ್ ಬಳಸ್ಬೇಡಿ ಅಂದ್ಬಿಟ್ರು.

ಈಗಂತೂ ಆಗಸ್ಟ್‌ನ ಅಂದಾಜು ಇನ್ನೂ ಕಷ್ಟ. 2021ರಿಂದ ಆಟಗಾರರು ಒಂದು ಕಾಲೇಜ್ ಬಿಟ್ಟು ಇನ್ನೊಂದಕ್ಕೆ ಹೋಗಿ ಅದೇ ವರ್ಷ ಆಡ್ಬಹುದು, ಹೆಸರು ಫೋಟೋ ಮಾರಿ ದುಡ್ಡೂ ಮಾಡ್ಬಹುದು. ಹೋದ ವರ್ಷದ ಟೀಮೇ ಈ ವರ್ಷ ಇರತ್ತೆ ಅನ್ನೋದು ಯಾವ ಅಂದಾಜಿಗೂ ತಳಪಾಯ, ಈಗ ಆ ತಳಪಾಯನೇ ಅಲ್ಲಾಡ್ತಿದೆ. ಜೊತೆಗೆ ಓಹಾಯೋದಲ್ಲಿ 2023ರ ಜನವರಿಯಿಂದ ಬೆಟ್ಟಿಂಗ್ ಲೀಗಲ್, ಹಾಗಾಗಿ ಹುಡುಗರಿಗೆ ಒಂದು ಮಾತು, ನಾನು ಬರೆದಿದ್ದು ಓದಿ ದುಡ್ಡು ಕಟ್ಬೇಡಿ, ದಯವಿಟ್ಟು.

ಆದ್ರೂ ನಾನೇ ಒಂದು ಬೆಟ್ ಕಟ್ಟಿದ್ದೆ, ದುಡ್ಡಲ್ಲ, ಮಸಾಲೆ ದೋಸೆ. ನನ್ನ ಸ್ನೇಹಿತ ಒಬ್ಬನಿದಾನೆ, ಪ್ರತಿ ವರ್ಷ ಫೋನ್ ಮಾಡೋರಲ್ಲಿ ಮೊದಲನೇಯವನು. 2025ರ ಆಗಸ್ಟ್‌ನಲ್ಲಿ ಅವನಿಗೆ ಮೇಲಿಂದ ಕೆಳವರೆಗೂ ಇದೆಲ್ಲ ವಿವರಿಸಿದೆ, ಆ ವಾರ್ಡ್ ಎಲೆಕ್ಷನ್ ಕಥೆನೂ ಹೇಳಿದೆ, ಟೆಕ್ಸಸ್ ನಂಬರ್ ಒನ್ ಅಂದ್ರೂ ಅವರು ಗೆಲ್ಲದೇ ಇರೋ ಚಾನ್ಸೇ ತುಂಬಾ ಜಾಸ್ತಿ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಟೆಕ್ಸಸ್ ನಿಂಗೆ, ಉಳಿದಿದ್ದೆಲ್ಲ ನಂಗೆ" ಅಂದ. ಇಷ್ಟು ವರ್ಷದಲ್ಲಿ ಒಬ್ಬನಿಗಾದ್ರೂ ಅರ್ಥ ಆಯ್ತಲ್ಲ ಅಂತ ಎಷ್ಟು ಖುಷಿಯಾಯ್ತು ಅಂದ್ರೆ, ಸೋಲ್ತೀನಿ ಅಂತ ಗೊತ್ತಿದ್ದೂ ಒಪ್ಕೊಂಡೆ.

ಮೊದಲನೇ ಶನಿವಾರನೇ ಟೆಕ್ಸಸ್ ನಮ್ಮೂರಿಗೆ ಬಂದು 14-7ಕ್ಕೆ ಸೋತ್ರು. ಅಕ್ಟೋಬರ್‌ನಲ್ಲಿ ಫ್ಲೋರಿಡಾ ಕೈಲಿ ಸೋತು 25ರಿಂದ್ಲೇ ಹೊರಗೆ ಬಿದ್ರು. ಕೊನೆಗೆ ಗೆದ್ದಿದ್ದು ಇಂಡಿಯಾನಾ, ಆಗಸ್ಟ್‌ನಲ್ಲಿ 20ನೇ ಜಾಗದಲ್ಲಿದ್ದೋರು. ಜನವರೀಲಿ ದೋಸೆ ಕೊಡ್ಸಕ್ಕೆ ಕರ್ಕೊಂಡು ಹೋದೆ. ಎರಡು ತಿಂದ, ಕಾಫಿ ಕುಡಿದ, ಕೈ ಒರೆಸ್ಕೊಳ್ತಾ ಹೇಳ್ದ, "ಏನೇ ಹೇಳು ಗುರೂ, ಟೆಕ್ಸಸ್ ಅಂದ್ರು ಇಂಡಿಯಾನಾ ಬಂತು, ಈ ರ‍್ಯಾಂಕಿಂಗ್ ಎಲ್ಲಾ ಬರೀ ಓಳು."