ಎರಡೂ ಕಡೆಯವರಿಗೆ ಬೇಡವಾದ ಅಧ್ಯಕ್ಷ

2023ರ ಡಿಸೆಂಬರ್‌ನಿಂದ 2024ರ ಆಗಸ್ಟ್‌ವರೆಗೆ ಪೆನ್ಸಿಲ್ವೇನಿಯಾ, ಹಾರ್ವರ್ಡ್, ಕೊಲಂಬಿಯಾ ವಿಶ್ವವಿದ್ಯಾಲಯಗಳ ಅಧ್ಯಕ್ಷರು ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಕೊಟ್ಟರು. ಗಾಜಾ ಪ್ರತಿಭಟನೆ, ಸಂಸತ್ತಿನ ವಿಚಾರಣೆ, ದೇಣಿಗೆ ಕೊಡುವವರ ಸಿಟ್ಟು ಎಲ್ಲಾ ಸೇರಿ ಗೋಜಲಾಗಿದೆ. ಆದರೆ ಇದೇನೂ ಹೊಸದಲ್ಲ. ಕ್ಲಾರ್ಕ್ ಕೆರ್ ಕಥೆ ಗೊತ್ತಿದ್ದರೆ ಅರ್ಧ ಸಿಕ್ಕು ಬಿಡಿಸಿದ ಹಾಗೆ.

ಕೆರ್ ಹುಟ್ಟಿದ್ದು 1911ರಲ್ಲಿ. ಓದಿದ್ದು ಅರ್ಥಶಾಸ್ತ್ರ, ಹೆಸರು ಮಾಡಿದ್ದು ಮಾಲೀಕರು-ಕಾರ್ಮಿಕರ ಜಗಳ ಬಿಡಿಸುವುದರಲ್ಲಿ. 1952ರಲ್ಲಿ ಬರ್ಕ್ಲಿ ಕ್ಯಾಂಪಸ್ಸಿನ ಮುಖ್ಯಸ್ಥ, 1958ರಲ್ಲಿ ಇಡೀ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ. 1960ರ ಮಾಸ್ಟರ್ ಪ್ಲಾನ್, ಅಂದರೆ ರಾಜ್ಯದ ಉನ್ನತ ಶಿಕ್ಷಣದ ಯೋಜನೆ, ಅವರ ದೊಡ್ಡ ಕೆಲಸ. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ವಿಶ್ವವಿದ್ಯಾಲಯ, ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜು, ಬೇಕೆಂದ ಉಳಿದವರಿಗೆಲ್ಲ ಜೂನಿಯರ್ ಕಾಲೇಜು. ರಾಜ್ಯದ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ.

ಆಮೇಲೆ ಬಂತು 1964. ಬರ್ಕ್ಲಿಯ ಗೇಟಿನ ಬಳಿ ವಿದ್ಯಾರ್ಥಿಗಳು ಮೇಜು ಹಾಕಿ ಕರಪತ್ರ ಹಂಚುತ್ತಿದ್ದರು, ನಾಗರಿಕ ಹಕ್ಕುಗಳ ಹೋರಾಟಕ್ಕೆ ಚಂದಾ ಎತ್ತುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅದು ಬಂದ್. ಆದೇಶ ಹೊರಟಿದ್ದು ಕ್ಯಾಂಪಸ್ ಕಚೇರಿಯಿಂದ, ಕೆರ್ ವಿದೇಶ ಪ್ರವಾಸದಲ್ಲಿದ್ದಾಗ. ವಾಪಸ್ ಬಂದವರು ಅದನ್ನು ರದ್ದು ಮಾಡಬಹುದಿತ್ತು, ಮಾಡಲಿಲ್ಲ.

ಅಕ್ಟೋಬರ್ 1ರಂದು ಮೇಜಿನ ಹಿಂದೆ ಕೂತಿದ್ದ ಜ್ಯಾಕ್ ವೈನ್‌ಬರ್ಗ್‌ರನ್ನು ಪೊಲೀಸರು ಕಾರಿಗೆ ಹತ್ತಿಸಿದರು. ಹುಡುಗರು ಕಾರಿನ ಸುತ್ತ ಕೂತುಬಿಟ್ಟರು. 32 ಗಂಟೆ ಕಾರು ಅಲ್ಲಾಡಲಿಲ್ಲ, ವೈನ್‌ಬರ್ಗ್ ಒಳಗೇ! ವಿದ್ಯಾರ್ಥಿ ನಾಯಕ ಮಾರಿಯೊ ಸಾವಿಯೊ ಶೂ ಬಿಚ್ಚಿಟ್ಟು ಕಾರಿನ ಮೇಲೆ ಹತ್ತಿ ಭಾಷಣ ಮಾಡಿದರು. ಪೊಲೀಸ್ ಕಾರಿಗೆ ಗೀರು ಬೀಳಬಾರದಲ್ವಾ! ಮರುದಿನ ಸಂಜೆ ಕೆರ್ ಮಾತುಕತೆ ಮಾಡಿ ಒಪ್ಪಂದಕ್ಕೆ ಬಂದರು. ಅದು ಬಾಳಲಿಲ್ಲ. ಡಿಸೆಂಬರ್‌ನಲ್ಲಿ ಆಡಳಿತ ಕಚೇರಿಯಿದ್ದ ಸ್ಪ್ರೌಲ್ ಹಾಲ್‌ನಲ್ಲಿ ಧರಣಿ ಕೂತ ಸುಮಾರು 800 ಮಂದಿಯ ಬಂಧನವಾಯಿತು. ಆದೇಶ ಗವರ್ನರ್‌ದು, ಬೈಗುಳ ಕೆರ್‌ಗೆ. ಮುಂದಿನ ಜನವರಿಗೆ ಮೇಜುಗಳು ಮತ್ತೆ ಬಂದವು. ಇಷ್ಟಕ್ಕೆ ಇಷ್ಟೆಲ್ಲ ಬೇಕಿತ್ತಾ?

ವಿದ್ಯಾರ್ಥಿಗಳಿಗೆ ಕೆರ್ ಸರ್ವಾಧಿಕಾರಿ, ವಿಶ್ವವಿದ್ಯಾಲಯದ ಖರ್ಚಿಗೆ ತೆರಿಗೆ ಕಟ್ಟುವ ಮತದಾರರಿಗೆ ಮೆತ್ತನೆಯ ಮನುಷ್ಯ. ಬರ್ಕ್ಲಿಯನ್ನು ಸರಿಮಾಡುತ್ತೇನೆ ಎಂದ ರೊನಾಲ್ಡ್ ರೇಗನ್ 1966ರಲ್ಲಿ ಗವರ್ನರ್ ಆಗಿ ಗೆದ್ದರು. 1967ರ ಜನವರಿ 20ರಂದು ಆಡಳಿತ ಮಂಡಳಿ 14-8 ಮತಗಳಿಂದ ಕೆರ್‌ರನ್ನು ವಜಾ ಮಾಡಿತು.

2002ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕಡತಗಳ ಸಂಗತಿ ಪತ್ರಿಕೆಯಲ್ಲಿ ಬಂತು. ಹಿಂದೆ ಅಮೆರಿಕದ ಅಧ್ಯಕ್ಷ ಜಾನ್ಸನ್ ಅವರು ಕೆರ್‌ರನ್ನು ಸಂಪುಟಕ್ಕೆ ಸೇರಿಸಿಕೊಳ್ಳಲು ಯೋಚಿಸಿದಾಗ, ಸುಳ್ಳೆಂದು ಗೊತ್ತಿದ್ದ ಆರೋಪಗಳೂ ಎಫ್‌ಬಿಐಯಿಂದ ವೈಟ್‌ಹೌಸ್‌ಗೆ ಹೋಗಿದ್ದವು. ಇದು ಹೊರಬಿದ್ದಾಗ ಕೆರ್‌ಗೆ 91 ವರ್ಷ. ಮರುವರ್ಷ ತೀರಿಕೊಂಡರು.

ಮಾಸ್ಟರ್ ಪ್ಲಾನ್ ಕಾಗದದ ಮೇಲೆ ಈಗಲೂ ಇದೆ. 1970ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಶುಲ್ಕ ಮಾತ್ರ ಈಗ ವರ್ಷಕ್ಕೆ 14,000 ಡಾಲರ್ ದಾಟಿದೆ.