ಫ್ರೀಬಿಎಸ್‌ಡಿ ಕರೆಂಟ್: ಪ್ರಯೋಗದ ಶಾಖೆ ದಿನಬಳಕೆಗೂ ಒದಗುವುದು ಹೇಗೆ

ಯುನಿಕ್ಸ್ ಮಾದರಿಯ ಮುಕ್ತ ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿಯಲ್ಲಿ ಹೊಸ ಕೋಡ್ ಮೊದಲು ಬಂದು ಸೇರುವುದು 'ಮೇನ್' ಶಾಖೆಗೆ; ಶಾಖೆ ಎಂದರೆ ಕೋಡ್‌ನ ಪ್ರತ್ಯೇಕವಾಗಿ ಬೆಳೆಯುವ ಒಂದು ಕವಲು. ಇದರ ರೂಢಿಯ ಹೆಸರು ಕರೆಂಟ್. ಅಲ್ಲಿ ಕೆಲವು ದಿನ ಪಳಗಿದ ಬದಲಾವಣೆಗಳು 'ಸ್ಟೇಬಲ್/14'ರಂಥ ಶಾಖೆಗೆ ಇಳಿಯುತ್ತವೆ. ಸ್ಟೇಬಲ್‌ನಿಂದ ಕವಲೊಡೆಯುವ ಬಿಡುಗಡೆ ಶಾಖೆಗೆ ಭದ್ರತಾ ತಿದ್ದುಪಡಿ ಮತ್ತು ಗಂಭೀರ ದೋಷಗಳ ಪರಿಹಾರಕ್ಕಷ್ಟೇ ಪ್ರವೇಶ.

ಇಲ್ಲಿ ಬಹಳ ಮಂದಿ ಎಡವುವ ಒಂದು ವಿಷಯವಿದೆ. 'ಸ್ಟೇಬಲ್' ಅಂದರೆ ಎಂದೂ ಕೆಡದ್ದು ಎಂದಲ್ಲ. ಹಳೆಯ ಬೈನರಿಗಳೂ (ಕಟ್ಟಿ ಸಿದ್ಧವಾದ ಪ್ರೋಗ್ರಾಂಗಳು) ಕರ್ನಲ್ (ವ್ಯವಸ್ಥೆಯ ತಿರುಳು) ಮಾಡ್ಯೂಲ್‌ಗಳೂ ನೆಚ್ಚಿಕೊಂಡ ಇಂಟರ್‌ಫೇಸ್ ಆ ಶಾಖೆಯಲ್ಲಿ ಬದಲಾಗದು ಎಂಬುದು ಅದರ ಭರವಸೆ. ಕರೆಂಟ್‌ನಲ್ಲಿ ಈ ಭರವಸೆ ಇಲ್ಲ. ಕರ್ನಲ್‌ನ ಒಳರಚನೆಯನ್ನು ಯಾವ ದಿನ ಬೇಕಾದರೂ ಬದಲಿಸಬಹುದು. ಹಾಗೆ ಬದಲಿಸಿದಾಗ 'ಪ್ಯಾರಾಮ್.ಎಚ್' ಕಡತದಲ್ಲಿರುವ ಆವೃತ್ತಿ ಸಂಖ್ಯೆಯನ್ನು ಏರಿಸುವುದು, ಬಳಕೆದಾರರು ಏನಾದರೂ ಮಾಡಬೇಕಿದ್ದರೆ 'ಅಪ್‌ಡೇಟಿಂಗ್' ಕಡತದಲ್ಲಿ ದಿನಾಂಕ ಹಾಕಿ ಬರೆಯುವುದು ವಾಡಿಕೆ.

ಹಾಗಾದರೆ ಎಷ್ಟು ಪ್ರಯೋಗಕ್ಕೆ ಎಡೆ ಕೊಡಬಹುದು? ಇದಕ್ಕೆ ಎರಡು ಪ್ರಸಂಗಗಳನ್ನು ಜೊತೆಯಲ್ಲಿಟ್ಟು ನೋಡಬೇಕು.

ಮೊದಲನೆಯದು ಫ್ರೀಬಿಎಸ್‌ಡಿಯ 5.0 ಬಿಡುಗಡೆ. 4.0 ಬಂದದ್ದು 2000ರ ಮಾರ್ಚ್‌ನಲ್ಲಿ, 5.0 ಬಂದದ್ದು 2003ರ ಜನವರಿಯಲ್ಲಿ. ಇಡೀ ಕರ್ನಲ್ಲನ್ನು ಕಾಯುತ್ತಿದ್ದ 'ಜಯಂಟ್' ಎಂಬ ಒಂದೇ ಬೀಗವನ್ನು (ಒಮ್ಮೆಗೆ ಒಂದೇ ಪ್ರೊಸೆಸರನ್ನು ಒಳಬಿಡುವ ತಡೆ) ಒಡೆದು, ಹಲವು ಪ್ರೊಸೆಸರ್‌ಗಳು ಒಟ್ಟಿಗೆ ಕರ್ನಲ್ ಒಳಗೆ ಓಡುವಂತೆ ಮಾಡುವ ಕೆಲಸ ಆಗ ನಡೆದಿತ್ತು. ಅದೇ ಹೊತ್ತಿಗೆ ಹೊಸ ಥ್ರೆಡ್ ವ್ಯವಸ್ಥೆ, ಡಿಸ್ಕ್‌ಗಳಿಗೆ ಹೊಸ ಪದರವೂ ಬಂದವು. ಬೀಗದ ಕೆಲಸ ಮುಟ್ಟದ ಉಪವ್ಯವಸ್ಥೆಯೇ ಇರಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಹಿಂದಿರುಗುವ ದಾರಿಯೂ ಇರಲಿಲ್ಲ. 5ರ ಸಾಲಿನಲ್ಲಿ ಸ್ಟೇಬಲ್ ಎನ್ನಿಸಿಕೊಂಡ ಮೊದಲ ಬಿಡುಗಡೆ 2004ರ ನವೆಂಬರ್‌ನ 5.3. ಅಲ್ಲಿಯವರೆಗೆ ಸರ್ವರ್ ನಡೆಸುವವರು 4ರಲ್ಲೇ ಉಳಿದರು. 4.11 ಬಂದದ್ದು 2005ರ ಜನವರಿಯಲ್ಲಿ! ಗುರಿ ಸರಿಯಾಗಿತ್ತು, ಇಂದಿನ ಬಹುಪ್ರೊಸೆಸರ್ ಬೆಂಬಲ ನಿಂತಿರುವುದು ಅದರ ಮೇಲೆಯೇ. ಎಲ್ಲವನ್ನೂ ಒಂದೇ ಹೊರೆ ಕಟ್ಟಿದ್ದೇ ತೊಡಕಾಯಿತು.

ಎರಡನೆಯದು ವೈರ್‌ಗಾರ್ಡ್. ಕರ್ನಲ್ ಒಳಗಿನ ಈ ವಿಪಿಎನ್ ಡ್ರೈವರ್ 2020ರ ನವೆಂಬರ್‌ನಲ್ಲಿ ಮುಖ್ಯ ಶಾಖೆ ಸೇರಿತು. ಕೋಡ್‌ನಲ್ಲಿ ಗಂಭೀರ ದೋಷಗಳಿರುವುದು ಗೊತ್ತಾದಾಗ 13.0 ಹೊಸ್ತಿಲಲ್ಲಿತ್ತು. 2021ರ ಮಾರ್ಚ್‌ನಲ್ಲಿ ಡ್ರೈವರನ್ನು ಮುಖ್ಯ ಶಾಖೆಯಿಂದಲೂ 13ರಿಂದಲೂ ತೆಗೆದರು, ಏಪ್ರಿಲ್‌ನಲ್ಲಿ 13.0 ಅದಿಲ್ಲದೆಯೇ ಹೊರಬಂತು. ಕೆಲಸ ಹೊರಗೆ, ಬೇರೆ ಮಾಡ್ಯೂಲ್ ಆಗಿ ಮುಂದುವರಿದು, 2022ರಲ್ಲಿ ಮರಳಿ ಒಳಬಂದು, 2023ರ ಏಪ್ರಿಲ್‌ನ 13.2ರಲ್ಲಿ ಬಿಡುಗಡೆಯಾಯಿತು. ಅದನ್ನು ಕಿತ್ತು ತೆಗೆಯಲು ಆದದ್ದು ಬೇರೆ ಯಾವ ಭಾಗವೂ ಅದಕ್ಕೆ ಜೋತುಬಿದ್ದಿರಲಿಲ್ಲವಾದ್ದರಿಂದ. ಯಾವುದೇ ಹೊಸ ಬದಲಾವಣೆಯನ್ನು ಅಳೆಯುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಾಳೆ ಬೇಡವೆಂದರೆ ಎಷ್ಟು ಕಡತ ಮುಟ್ಟಬೇಕು?

ದೋಷ ಬೇಗ ಕಾಣಲಿ ಎಂದು ಕರೆಂಟ್‌ನ ಜೆನೆರಿಕ್ (ಪೂರ್ವನಿಯೋಜಿತ) ಕರ್ನಲ್‌ನಲ್ಲಿ ತಪಾಸಣೆಗಳನ್ನು ಹಾಕಿಯೇ ಇಟ್ಟಿರುತ್ತಾರೆ. 'ಇನ್‌ವೇರಿಯಂಟ್ಸ್' ಒಳಗಿನ ಲೆಕ್ಕ ತಪ್ಪಿದ ಕೂಡಲೇ ಯಂತ್ರವನ್ನು ಪ್ಯಾನಿಕ್ ಮಾಡುತ್ತದೆ, ಅಂದರೆ ಅಲ್ಲಿಗೇ ನಿಲ್ಲಿಸುತ್ತದೆ. 'ವಿಟ್ನೆಸ್' ಬೀಗ ಹಾಕುವ ಸರದಿಯನ್ನು ಗಮನಿಸುತ್ತದೆ: ಒಂದು ಕಡೆ 'ಕ' ಬೀಗ ಆಮೇಲೆ 'ಖ' ಬೀಗ, ಇನ್ನೊಂದು ಕಡೆ 'ಖ' ಆಮೇಲೆ 'ಕ' ಎಂದು ಹಿಡಿದರೆ, ಯಂತ್ರ ನಿಜವಾಗಿ ಸಿಕ್ಕಿಬೀಳುವ ಮೊದಲೇ ಎಚ್ಚರಿಸುತ್ತದೆ. ಇದಕ್ಕೆ ತೆರುವ ಬೆಲೆ ವೇಗ. ಕರೆಂಟ್ ಹಾಕಿ ವೇಗ ಅಳೆದು 'ಹೊಸದು ನಿಧಾನ' ಎಂದು ತೀರ್ಮಾನಿಸುವವರು ಅಳೆದದ್ದು ಈ ತಪಾಸಣೆಗಳನ್ನು. ಅಳೆಯುವುದಿದ್ದರೆ 'ಜೆನೆರಿಕ್-ನೋಡೀಬಗ್' ಕರ್ನಲ್ ಕಟ್ಟಿ, ಮೆಮೊರಿ ಹಂಚಿಕೆಯ ತಪಾಸಣೆಯನ್ನೂ 'ವಿತ್_ಮ್ಯಾಲಕ್_ಪ್ರೊಡಕ್ಷನ್' ಆಯ್ಕೆಯಿಂದ ನಿಲ್ಲಿಸಿ.

ಬದಲಾವಣೆ ಸ್ಟೇಬಲ್‌ಗೆ ಇಳಿಯುವ ಕ್ರಮಕ್ಕೆ ಎಂಎಫ್‌ಸಿ (ಮರ್ಜ್ ಫ್ರಂ ಕರೆಂಟ್) ಎನ್ನುತ್ತಾರೆ. ಕಮಿಟ್ (ಕೋಡ್‌ಗೆ ಸೇರಿಸಿದ ಒಂದೊಂದು ಬದಲಾವಣೆ) ಸಂದೇಶದಲ್ಲೇ 3 ದಿನ, 1 ವಾರ, 2 ವಾರ ಎಂದು ಗಡುವು ಬರೆದಿರುತ್ತದೆ. ಅಷ್ಟು ದಿನ ಕರೆಂಟ್‌ನಲ್ಲಿ ಜನ ಅದನ್ನು ಓಡಿಸಿರುತ್ತಾರೆ. ಆಮೇಲೆ ಕೋಡ್ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಒಂದು ಕಮಿಟನ್ನಷ್ಟೇ ಹೆಕ್ಕಿ ತರುವ ಚೆರ್ರಿ-ಪಿಕ್ ಮೂಲಕ ಇಳಿಸುವಾಗ ಮೂಲ ಕಮಿಟ್‌ನ ಗುರುತನ್ನೂ ಸಂದೇಶದಲ್ಲಿ ಉಳಿಸುತ್ತಾರೆ. ಕರೆಂಟ್ ಬಳಸುವವರೇ ಇಲ್ಲವಾದರೆ ಆ ಗಡುವಿಗೆ ಅರ್ಥವಿಲ್ಲ. ಶಾಖೆಯನ್ನು ದಿನವೂ ಓಡಿಸುವಷ್ಟು ಚೆನ್ನಾಗಿಡುವುದು ಅದಕ್ಕಾಗಿಯೇ.

ನಮ್ಮ ಯಂತ್ರದಲ್ಲಿ ಓಡಿಸುವ ಕ್ರಮ. ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಮೇಲೆ ಸ್ಥಾಪಿಸಿರಬೇಕು. ಇಲ್ಲದಿದ್ದರೆ ಹಿಂದಿರುಗುವುದು ಕಷ್ಟ. ಮೊದಲು 'ಅಪ್‌ಡೇಟಿಂಗ್' ಓದಿ, 'ಬಿಇಸಿಟಿಎಲ್ ಕ್ರಿಯೇಟ್'ನಿಂದ ಈಗಿನ ಸ್ಥಿತಿಯ ಬೂಟ್ ಪರಿಸರವೊಂದನ್ನು (ಬೇಕಾದಾಗ ಮರಳಿ ಬೂಟ್ ಮಾಡಬಲ್ಲ ಪ್ರತಿ) ತೆಗೆದಿಡಿ. ನಂತರ ಬಿಲ್ಡ್‌ವರ್ಲ್ಡ್ ('ವರ್ಲ್ಡ್' ಎಂದರೆ ಕರ್ನಲ್ ಬಿಟ್ಟು ಉಳಿದ ಮೂಲ ವ್ಯವಸ್ಥೆ), ಬಿಲ್ಡ್‌ಕರ್ನಲ್, ಇನ್‌ಸ್ಟಾಲ್‌ಕರ್ನಲ್, ರೀಬೂಟ್. ಹೊಸ ಕರ್ನಲ್ ಸರಿಯಾಗಿ ಎದ್ದರೆ 'ಈಟಿಸಿಅಪ್‌ಡೇಟ್ -ಪಿ' (ಸಂರಚನಾ ಕಡತಗಳನ್ನು ಹೊಂದಿಸುವ ಆಜ್ಞೆ), ಇನ್‌ಸ್ಟಾಲ್‌ವರ್ಲ್ಡ್, ಈಟಿಸಿಅಪ್‌ಡೇಟ್, ಡಿಲೀಟ್-ಓಲ್ಡ್, ಮತ್ತೆ ರೀಬೂಟ್.

ಕರ್ನಲ್ ಮೊದಲು, ಉಳಿದದ್ದು ಆಮೇಲೆ ಎಂಬ ಸರದಿಯನ್ನು ತಪ್ಪಿಸಬೇಡಿ. ಹೊಸ ಕರ್ನಲ್ ಹಳೆಯ ಪ್ರೋಗ್ರಾಂಗಳನ್ನು ಓಡಿಸಬಲ್ಲದು. ಹಳೆಯ ಕರ್ನಲ್‌ಗೆ ಹೊಸ ಸಿಸ್ಟಂ ಕಾಲ್ ಗೊತ್ತಿರುವುದಿಲ್ಲ. ತಿರುಗುಮುರುಗು ಮಾಡಿದರೆ ತೀರ ಸರಳ ಆಜ್ಞೆಗಳೂ ಕುಸಿದುಬೀಳಬಹುದು.

ಹೆಚ್ಚು ಜನರಿಗೆ ಪೆಟ್ಟು ಬೀಳುವುದು ಎರಡು ಕಡೆ. ಮೊದಲನೆಯದು ಗ್ರಾಫಿಕ್ಸ್ ಡ್ರೈವರ್. ಡಿಆರ್‌ಎಂ-ಕೆಮಾಡ್ ಎಂಬ ಆ ಡ್ರೈವರ್ ಮೂಲ ವ್ಯವಸ್ಥೆಯ ಹೊರಗಿನ ಸಾಫ್ಟ್‌ವೇರ್ ಸಂಗ್ರಹವಾದ ಪೋರ್ಟ್ಸ್‌ನಿಂದ ಬರುವುದರಿಂದ ಕರ್ನಲ್ ಬದಲಾದಾಗ ಅದನ್ನೂ ಮತ್ತೆ ಕಟ್ಟಬೇಕು. ಹಳೆಯದೇ ಲೋಡ್ ಆದರೆ ಪ್ಯಾನಿಕ್ ಅಥವಾ ಕಪ್ಪು ಪರದೆ. ಸಿಂಗಲ್ ಯೂಸರ್‌ (ದುರಸ್ತಿಗೆಂದಿರುವ ಸ್ಥಿತಿ) ನಲ್ಲಿ ಎದ್ದು, ಬೂಟ್ ಆಗುವಾಗ ಲೋಡ್ ಮಾಡುವ ಮಾಡ್ಯೂಲ್‌ಗಳ 'ಕೆಎಲ್‌ಡಿ_ಲಿಸ್ಟ್' ಸಾಲಿನಿಂದ ಅದನ್ನು ತೆಗೆದರೆ ಯಂತ್ರ ಮತ್ತೆ ಕೈಗೆ ಸಿಗುತ್ತದೆ. ಎರಡನೆಯದು 'ಝಡ್‌ಪೂಲ್ ಅಪ್‌ಗ್ರೇಡ್'. ಹೊಸ ಝಡ್‌ಎಫ್‌ಎಸ್ ಬಂದಾಗ ಪೂಲನ್ನು (ಝಡ್‌ಎಫ್‌ಎಸ್ ನಿರ್ವಹಿಸುವ ಡಿಸ್ಕ್‌ಗಳ ಗುಂಪು) ಮೇಲ್ದರ್ಜೆಗೇರಿಸಬಹುದು ಎಂಬ ಸೂಚನೆ ಕಾಣುತ್ತದೆ. ಆ ಗಳಿಗೆಯಲ್ಲಿ ಒಪ್ಪಿಬಿಟ್ಟರೆ, ಜೋಪಾನವಾಗಿ ತೆಗೆದಿಟ್ಟ ಹಳೆಯ ಬೂಟ್ ಪರಿಸರಕ್ಕೆ ಪೂಲನ್ನು ತೆರೆಯಲಾಗದೆ ಹೋಗಬಹುದು; ಹಳೆಯ ಬೂಟ್‌ಲೋಡರ್‌ಗೂ ಅದೇ ಗತಿ. ಹೊಸ ವ್ಯವಸ್ಥೆ ಕೆಲವು ವಾರ ನೆಟ್ಟಗೆ ಓಡುವವರೆಗೂ ಆ ಆಜ್ಞೆ ಕೊಡಬೇಡಿ. ಕೊಡುವ ದಿನ ಮೊದಲು ಬೂಟ್‌ಲೋಡರನ್ನು ಹೊಸದಾಗಿಸಿ.

ಏನಾದರೂ ಕೆಟ್ಟರೆ, ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತ ಹುಡುಕುವ ಗಿಟ್ ಬೈಸೆಕ್ಟ್ ಹಿಡಿಯಿರಿ. ಸರಿಯಿದ್ದ ದಿನಕ್ಕೂ ಕೆಟ್ಟ ದಿನಕ್ಕೂ ನಡುವೆ 1000 ಕಮಿಟ್ ಇದ್ದರೂ ಸುಮಾರು 10 ಸಲ ಕಟ್ಟಿ ನೋಡಿದರೆ ದೋಷದ ಕಮಿಟ್ ಸಿಗುತ್ತದೆ. ನಡುವೆ ಬಿಲ್ಡ್ ಆಗದ ಕಮಿಟ್‌ಗಳಿದ್ದರೆ ಮಾತ್ರ ಹುಡುಕಾಟ ಅಲ್ಲಲ್ಲೇ ಮುಗ್ಗರಿಸುತ್ತದೆ. ಕರೆಂಟ್‌ನಲ್ಲಿ ಬಿಲ್ಡ್ ಮುರಿಯುವುದನ್ನು ದೊಡ್ಡ ತಪ್ಪೆಂದು ಎಣಿಸುವುದಕ್ಕೆ ಇದೂ ಒಂದು ಕಾರಣ.